‘ಏನೂ ಆಗಿಲ್ಲ’ ಅಂದರೆ ನಂಬಬೇಡಿ

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲ ಸೀಮೆಯ ನನ್ನ ಹುಡುಗರೇ, ಹುಡುಗಿಯರೇ,

ಬಿದ್ದು ಮೈ ಕೊಡವಿ ಏಳುವುದನ್ನು ನಮ್ಮ ಕಡೆಯ ಮಕ್ಕಳಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಗರಡಿಮನೆಯ ಕೆಂಪು ಮಣ್ಣು, ಜಾತ್ರೆಯ ಕಬಡ್ಡಿ ಅಂಕಣ, ತುಳಸಿಗೇರಿಯ ಮಲ್ಲಕಂಬ, ಬಾದಾಮಿಯ ಕೆಂಗಲ್ಲಿನ ಬಂಡೆ, ನಸುಕಿನಲ್ಲೇ ಹೆದ್ದಾರಿಗೆ ಇಳಿಯುವ ನಮ್ಮ ಸೈಕಲ್ ಹುಡುಗ ಹುಡುಗಿಯರು: ಎಲ್ಲ ಕಡೆಯೂ ಬೀಳುವುದು ಇದ್ದದ್ದೇ. ಮೊಣಕಾಲು ಕೆತ್ತಿದರೆ, ಬೆರಳು ಉಳುಕಿದರೆ ಹಲ್ಲು ಕಚ್ಚಿ ತಡೆದುಕೊಳ್ಳುವ ಗಟ್ಟಿತನ ಒಳ್ಳೆಯದೇ. ಆದರೆ ಆ ಗಟ್ಟಿತನವನ್ನು ತಲೆಗೆ ಬಿದ್ದ ಪೆಟ್ಟಿನ ಮೇಲೆ ತೋರಿಸಬೇಡಿ. ದೈಹಿಕ ಶಿಕ್ಷಕನಾಗಿ ಮೈದಾನದಲ್ಲೇ ಕೂದಲು ಬೆಳ್ಳಗಾದ ನಾನು ನಿಮ್ಮ ಕಿವಿಯಲ್ಲಿ ಹಾಕಬೇಕೆಂದಿರುವ ಮಾತು ಒಂದೇ. ತಲೆಗೆ ಪೆಟ್ಟು ಬಿದ್ದವನು ‘ಏನೂ ಆಗಿಲ್ಲ’ ಅಂದರೆ ನಂಬಬೇಡಿ. ಅವನಿಗೆ ಸುಳ್ಳು ಹೇಳುವ ಮನಸ್ಸಿರುವುದಿಲ್ಲ. ತನಗೆ ಏನಾಗಿದೆ ಎಂದು ಅಳೆದು ಹೇಳಬೇಕಾದ ಮೆದುಳಿಗೇ ಪೆಟ್ಟಾಗಿರುತ್ತದೆ. ಆ ಹೊತ್ತಿನಲ್ಲಿ ಅವನ ಪರವಾಗಿ ಯೋಚಿಸಬೇಕಾದವರು ಪಕ್ಕದಲ್ಲಿ ನಿಂತ ನೀವು.

ಒಂದು ಜಾತ್ರೆಯ ಪಂದ್ಯದಲ್ಲಿ ಕಂಡದ್ದು ಹೇಳುತ್ತೇನೆ. ರೇಡಿಗೆ ಹೋದ ಹುಡುಗನನ್ನು ಇಬ್ಬರು ಹಿಡಿದು ಕೆಡವಿದರು. ಬೀಳುವಾಗ ಎದುರಾಳಿಯ ಮೊಣಕಾಲು ಅವನ ಕಿವಿಯ ಮೇಲ್ಗಡೆ ಬಡಿಯಿತು. ಗಾಯವಿಲ್ಲ, ರಕ್ತವಿಲ್ಲ, ಎಚ್ಚರವೂ ತಪ್ಪಲಿಲ್ಲ. ಎದ್ದ, ಚಡ್ಡಿಗೆ ಹತ್ತಿದ ಮಣ್ಣು ಝಾಡಿಸಿದ, ‘ಏನೂ ಆಗಿಲ್ರಿ ಸರ’ ಅಂದ. ಜನ ಚಪ್ಪಾಳೆ ತಟ್ಟಿದರು. ಆದರೆ ಅವನು ನಡೆದು ಹೋಗಿ ನಿಂತದ್ದು ಎದುರು ತಂಡದವರ ಸಾಲಿನಲ್ಲಿ. ಕೈಹಿಡಿದು ಹೊರಗೆ ತಂದು ಕೂಡಿಸಿದಾಗ ‘ಎಷ್ಟ ಪಾಯಿಂಟ ಆದೂರಿ?’ ಎಂದು ಕೇಳಿದ. ಹೇಳಿದೆವು. ತುಸು ಹೊತ್ತಿಗೆ ಮತ್ತೆ ಅದನ್ನೇ ಕೇಳಿದ. ಆಮೇಲೆ ಮತ್ತೊಮ್ಮೆ. ಬೆಳಿಗ್ಗೆ ತಾವು ಯಾವ ಊರಿನ ತಂಡವನ್ನು ಸೋಲಿಸಿದ್ದರು ಎಂಬುದೂ ಅವನಿಗೆ ನೆನಪಿರಲಿಲ್ಲ. ಮುಖದಲ್ಲಿ ಮಾತ್ರ ನಗು ಇತ್ತು, ಬಾಯಲ್ಲಿ ‘ಅರಾಮ ಅದೀನ್ರಿ’ ಎಂಬ ಮಾತಿತ್ತು.

ವೈದ್ಯರು ಇದನ್ನು ಕನ್ಕಷನ್ ಎನ್ನುತ್ತಾರೆ. ನಮ್ಮ ಜನರ ಬಾಯಲ್ಲಿ ಇದು ಒಳಪೆಟ್ಟು. ಒಳಗೆ ಏನಾಗುತ್ತದೆ ಎಂದು ತಿಳಿದುಕೊಂಡರೆ ಮುಂದಿನ ಮಾತು ಸುಲಭವಾಗಿ ತಲೆಗೆ ಹತ್ತುತ್ತದೆ. ಬನಶಂಕರಿ ಗುಡಿಯ ಹತ್ತಿರ ರೊಟ್ಟಿ, ಕೆಂಪು ಚಟ್ನಿ, ಗಡಿಗೆ ಮೊಸರು ಬುಟ್ಟಿಯಲ್ಲಿಟ್ಟು ಮಾರುವ ತಾಯಂದಿರನ್ನು ನೋಡಿದ್ದೀರಿ. ಬುಟ್ಟಿ ಜೋರಾಗಿ ಕುಲುಕಿದರೆ ಗಡಿಗೆಗೆ ಒಂದು ಗೆರೆಯೂ ಬೀಳದೆ ಒಳಗಿನ ಮೊಸರು ಒಡೆದಿರುತ್ತದೆ. ತಲೆಬುರುಡೆ, ಮೆದುಳಿನ ಸಂಬಂಧವೂ ಹೀಗೆಯೇ. ಸುಮಾರು 1.3 ಕಿಲೋ ತೂಗುವ ಮೆತ್ತಗಿನ ಮೆದುಳು ನೀರಿನಂಥ ದ್ರವದಲ್ಲಿ ತೇಲಿಕೊಂಡಿರುತ್ತದೆ. ತಲೆ ಗಕ್ಕನೆ ನಿಂತಾಗ, ಗಿರ್ರನೆ ತಿರುಗಿದಾಗ ಅದು ಒಳಗೇ ಹೊಯ್ದಾಡಿ ಎಳೆತಕ್ಕೆ ಸಿಗುತ್ತದೆ. ನರಕೋಶಗಳಿಂದ ಪೊಟ್ಯಾಸಿಯಂ ಹೊರಗೆ ಸುರಿಯುತ್ತದೆ, ಕ್ಯಾಲ್ಸಿಯಂ ಒಳಗೆ ನುಗ್ಗುತ್ತದೆ. ಅದನ್ನು ಸರಿಪಡಿಸಲು ಮೆದುಳಿಗೆ ಎಂದಿಗಿಂತ ಹೆಚ್ಚು ಗ್ಲೂಕೋಸ್ ಬೇಕು. ಆದರೆ ಅದೇ ಹೊತ್ತಿಗೆ ಅಲ್ಲಿಗೆ ಹರಿಯುವ ರಕ್ತ ಕಡಿಮೆಯಾಗಿರುತ್ತದೆ. ಮೈತೂಕದಲ್ಲಿ ಶೇ 2ರಷ್ಟೇ ಇರುವ ಮೆದುಳು ಮೈಯ ಶಕ್ತಿಯಲ್ಲಿ ಸುಮಾರು ಶೇ 20ರಷ್ಟನ್ನು ಬಳಸುತ್ತದೆ. ಅಂಥ ಅಂಗಕ್ಕೆ ಬೇಡಿಕೆ ಏರಿ ಪೂರೈಕೆ ಇಳಿದರೆ ತಲೆನೋವು, ಮಂಕು, ಸುಸ್ತು ಬಾರದೆ ಇನ್ನೇನು ಬಂದೀತು? ಈ ಏರುಪೇರು ಸರಿಹೋಗಲು ದಿನಗಳು ಬೇಕು, ಕೆಲವೊಮ್ಮೆ ವಾರಗಳು ಬೇಕು. ತಲೆಗೇ ಪೆಟ್ಟು ಬೀಳಬೇಕೆಂದೂ ಇಲ್ಲ. ಬೈಕ್ ರಸ್ತೆಯುಬ್ಬಿಗೆ ಎಗರಿ ಬಿದ್ದು ಮೈ ಜೋರಾಗಿ ಕುಲುಕಿದರೂ ಒಳಪೆಟ್ಟಾಗಬಹುದು.

‘ಎಚ್ಚರ ತಪ್ಪಿಲ್ಲ, ಅಂದಮೇಲೆ ಏನೂ ಆಗಿಲ್ಲ’ ಎಂಬ ನಂಬಿಕೆಯನ್ನು ಇವತ್ತೇ ಬಿಡಿ. ಒಳಪೆಟ್ಟಾದವರಲ್ಲಿ ಹೆಚ್ಚಿನವರಿಗೆ ಎಚ್ಚರ ತಪ್ಪುವುದೇ ಇಲ್ಲ. ನೋಡಬೇಕಾದ ಗುರುತುಗಳು ಬೇರೆ: ತಲೆನೋವು, ತಲೆ ಗಿರ್ ಅನ್ನುವುದು, ವಾಕರಿಕೆ, ಕಣ್ಣು ಮಂಜಾಗುವುದು, ಬೆಳಕು ಮತ್ತು ಸದ್ದು ತಾಳದಿರುವುದು, ನಡಿಗೆಯಲ್ಲಿ ತೂಕ ತಪ್ಪುವುದು, ಉತ್ತರ ಕೊಡಲು ತಡವರಿಸುವುದು, ಕೇಳಿದ್ದನ್ನೇ ಕೇಳುವುದು, ಕಾರಣವಿಲ್ಲದೆ ಸಿಟ್ಟು ಅಥವಾ ಅಳು. ಇವು ಆಗಲೇ ಕಾಣಬಹುದು, ರಾತ್ರಿ ಕಾಣಬಹುದು, ಮರುದಿನವೂ ಕಾಣಬಹುದು. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಮೈದಾನದಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದದ್ದನ್ನು ಕ್ರಿಕೆಟ್ ನೋಡುವ ನೀವೆಲ್ಲ ಬಲ್ಲಿರಿ. ಅಲ್ಲಿ ತಂಡದ ವೈದ್ಯರೇ ಇದ್ದರು. ಪರೀಕ್ಷೆಯಲ್ಲಿ ಪಾಸಾಗಿ ಸ್ಮಿತ್ ಮತ್ತೆ ಬ್ಯಾಟ್ ಹಿಡಿದರು. ಮರುದಿನ ಬೆಳಿಗ್ಗೆ ತಲೆನೋವು, ಮಂಕು ಕಾಣಿಸಿಕೊಂಡಿತು. ಅವರನ್ನು ಹೊರಗಿಟ್ಟು ಮಾರ್ನಸ್ ಲಬುಶೇನ್ ಅವರನ್ನು ಆಡಿಸಿದರು, ಸ್ಮಿತ್ ಮುಂದಿನ ಟೆಸ್ಟನ್ನೂ ಆಡಲಿಲ್ಲ. ಒಳಪೆಟ್ಟಾದ ಆಟಗಾರನ ಬದಲಿಗೆ ಅವನಂಥದೇ ಪಾತ್ರದ ಇನ್ನೊಬ್ಬನನ್ನು ಆಡಲು ಇಳಿಸಬಹುದು ಎಂಬ ಐಸಿಸಿ ನಿಯಮ ಅದೇ ತಿಂಗಳ 1ರಂದು ಜಾರಿಗೆ ಬಂದಿತ್ತು. ಅಷ್ಟೆಲ್ಲ ವ್ಯವಸ್ಥೆ ಇರುವಲ್ಲೇ ಪೆಟ್ಟು ಒಂದು ರಾತ್ರಿ ಮರೆಯಾಗಿ ಕುಳಿತಿತ್ತು. ಅಂದಮೇಲೆ ನಮ್ಮ ಊರಿನ ಮೈದಾನದಲ್ಲಿ ಎರಡು ನಿಮಿಷ ನೀರು ಚಿಮುಕಿಸಿ ‘ಹೋಗು, ಆಡು’ ಎನ್ನುವುದು ಎಂಥ ಅವಸರ!

ಇನ್ನು ಕೆಲವು ಗುರುತು ಕಂಡರೆ ಒಂದು ಕ್ಷಣವೂ ತಡ ಮಾಡುವಂತಿಲ್ಲ. ಮತ್ತೆ ಮತ್ತೆ ವಾಂತಿ, ಹೊತ್ತು ಹೋದಂತೆ ಏರುವ ತಲೆನೋವು, ಫಿಟ್ಸ್, ಮಾತು ತೊದಲುವುದು, ಕೈಕಾಲು ಬಲಹೀನವಾಗುವುದು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು ಇಳಿಯುವುದು, ಎಬ್ಬಿಸಿದರೂ ಏಳದಂಥ ಜೋಂಪು. ಇವು ಬುರುಡೆಯೊಳಗೆ ರಕ್ತಸ್ರಾವ ಆಗುತ್ತಿದೆ ಎಂಬುದರ ಸೂಚನೆ ಇರಬಹುದು. ಇಂಥ ರಕ್ತಸ್ರಾವದ ಒಂದು ಬಗೆಯಲ್ಲಿ ಪೆಟ್ಟು ತಿಂದವನು ಮೊದಲು ಚೆನ್ನಾಗಿಯೇ ಮಾತಾಡುತ್ತಾನೆ, ನಡೆದಾಡುತ್ತಾನೆ. ಆಮೇಲೆ ಕುಸಿಯುತ್ತಾನೆ. ಭಾರತ ತಂಡಕ್ಕೆ ಆಡಿದ್ದ ರಮಣ್ ಲಾಂಬಾ 1998ರ ಫೆಬ್ರುವರಿಯಲ್ಲಿ ಢಾಕಾದಲ್ಲಿ ಕ್ಲಬ್ ಪಂದ್ಯ ಆಡುವಾಗ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ನನ ಮಗ್ಗುಲಲ್ಲೇ, ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಬ್ಯಾಟಿಗೆ ತಾಗಿದ ಚೆಂಡು ನೇರ ಬಂದು ತಲೆಗೆ ಬಡಿಯಿತು. ಅವರು ತಾವಾಗಿಯೇ ನಡೆದು ಮೈದಾನದಿಂದ ಹೊರಬಂದರು. ಸ್ವಲ್ಪ ಹೊತ್ತಿನಲ್ಲೇ ಪ್ರಜ್ಞೆ ಹೋಯಿತು. ಶಸ್ತ್ರಚಿಕಿತ್ಸೆ ಮಾಡಿದರೂ ಉಳಿಯದೆ ಫೆಬ್ರುವರಿ 23ರಂದು ತೀರಿಕೊಂಡರು. ‘ನಡೆದಾಡಾಕತ್ತಾನ, ಏನೂ ಇಲ್ಲ ಬಿಡ್ರಿ’ ಎಂದು ಯಾರಾದರೂ ಅಂದಾಗ ಈ ಹೆಸರು ನಿಮಗೆ ನೆನಪಾಗಲಿ.

ಹಾಗಾದರೆ ಪಕ್ಕದಲ್ಲಿದ್ದವರು ಮಾಡಬೇಕಾದದ್ದೇನು? ಮೊದಲು ಆಟ ಅಥವಾ ಕೆಲಸ ನಿಲ್ಲಿಸಿ. ಕುತ್ತಿಗೆ ನೋವು ಅಂದರೆ ಅಥವಾ ಪ್ರಜ್ಞೆ ಇಲ್ಲದಿದ್ದರೆ ಕೈಕಾಲು ಹಿಡಿದು ಎತ್ತಿ ಟಂಟಂ ಗಾಡಿಗೆ ತುಂಬಬೇಡಿ, ತಲೆ ಕುತ್ತಿಗೆ ಅಲುಗದಂತೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ. ಆರೋಗ್ಯ ಕವಚ ಯೋಜನೆಯ ಈ ಆಂಬುಲೆನ್ಸ್‌ಗಳು 2008ರಿಂದ ನಮ್ಮ ರಾಜ್ಯದಲ್ಲಿ ಓಡುತ್ತಿವೆ. ಮಂಪರಿನಲ್ಲಿರುವವನ ಬಾಯಿಗೆ ನೀರು, ಚಹಾ ಹಾಕಬೇಡಿ, ಉಸಿರುಗೊಳವೆಗೆ ಹೋದೀತು. ಗಾಯದ ಮೇಲೆ ಅರಿಶಿನ, ಕಾಫಿಪುಡಿ ಒತ್ತಬೇಡಿ, ಶುಚಿಯಾದ ಬಟ್ಟೆ ಸಾಕು. ಫಿಟ್ಸ್ ಬಂದರೆ ಕೈಯಲ್ಲಿ ಕಬ್ಬಿಣ ಇಡುವುದು, ಮೂಗಿಗೆ ಉಳ್ಳಾಗಡ್ಡಿ ಹಿಡಿಯುವುದು ಬೇಡ. ಹುನಗುಂದ, ಬಾದಾಮಿಯ ತಾಲ್ಲೂಕು ಆಸ್ಪತ್ರೆಗೋ ಬಾಗಲಕೋಟೆಯ ಜಿಲ್ಲಾ ಆಸ್ಪತ್ರೆಗೋ ಹೋದಾಗ ಪೆಟ್ಟು ಎಷ್ಟು ಹೊತ್ತಿಗೆ, ಹೇಗೆ ಬಿತ್ತು, ಆಮೇಲೆ ಅವನು ಏನೇನು ಮಾತಾಡಿದ ಎಂದು ಡಾಕ್ಟರಿಗೆ ಹೇಳಬೇಕಾದವರೂ ನೀವೇ. ಅವನಿಗೆ ಅದು ನೆನಪಿರುವುದಿಲ್ಲ. ರಸ್ತೆಯಲ್ಲಿ ಬಿದ್ದ ಅಪರಿಚಿತನನ್ನು ಮುಟ್ಟಿದರೆ ಪೊಲೀಸ್ ಕೇಸು ಮೈಮೇಲೆ ಬಂದೀತು ಎಂದು ಹೆದರಬೇಡಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳು ಎಂದು ನಿಮ್ಮನ್ನು ಒತ್ತಾಯಿಸುವಂತಿಲ್ಲ. ಹೊಸಪೇಟೆ ಕಡೆಯಿಂದ ಇಳಕಲ್ಲ, ಹುನಗುಂದ ಹಾದು ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ದಿನವೂ ಓಡಾಡುವ ನೀವು ಈ ಕಲಮನ್ನು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು.

ಡಾಕ್ಟರು ಸ್ಕ್ಯಾನ್ ಮಾಡಿಸಿ ‘ನಾರ್ಮಲ್ ಇದೆ’ ಅಂದರೆ ಮನೆಮಂದಿಯ ಜೀವ ಹಗುರಾಗುತ್ತದೆ. ಆಗಲಿ. ಆದರೆ ಆ ಮಾತಿನ ಅರ್ಥ ಸರಿಯಾಗಿ ತಿಳಿಯಿರಿ. ಸಿ.ಟಿ. ಸ್ಕ್ಯಾನ್ ಹುಡುಕುವುದು ರಕ್ತಸ್ರಾವವನ್ನು, ಬುರುಡೆಯ ಬಿರುಕನ್ನು. ಕೋಶಗಳೊಳಗಿನ ಏರುಪೇರು ಅದರಲ್ಲಿ ಮೂಡುವುದಿಲ್ಲ. ಸ್ಕ್ಯಾನ್ ನಾರ್ಮಲ್ ಬಂದವನಿಗೂ ಮರುದಿನ ಓದಲು ಕೂತರೆ ಅಕ್ಷರ ಓಡಾಡಬಹುದು, ಮನೆಯಲ್ಲಿ ಟಿ.ವಿ. ಹಚ್ಚಿದರೆ ತಲೆ ಸಿಡಿಯಬಹುದು. ‘ಸೋಗ ಮಾಡಾಕತ್ತಾನ’ ಎಂದು ಅವನನ್ನು ನೋಯಿಸಬೇಡಿ.

ಮೊದಲ ಎರಡು ದಿನ ಮೆದುಳಿಗೆ ಬಿಡುವು ಕೊಡಬೇಕು. ಮೊದಲ ರಾತ್ರಿ ಯಾರಾದರೂ ಜೊತೆಯಲ್ಲಿ ಮಲಗಲಿ. ‘ತಲೆಗೆ ಪೆಟ್ಟಾದವನನ್ನು ಮಲಗಲು ಬಿಡಬಾರದು’ ಎನ್ನುವ ಹಳೆಯ ಮಾತಿದೆ. ಡಾಕ್ಟರು ನೋಡಿದ್ದರೆ, ಅವನು ಸರಿಯಾಗಿ ಮಾತಾಡುತ್ತಿದ್ದರೆ ನಿದ್ದೆ ಮಾಡಲಿ, ನಿದ್ದೆಯೇ ಮದ್ದು. ತಲೆನೋವಿಗೆ ಡಾಕ್ಟರು ಹೇಳಿದ ಪ್ಯಾರಾಸಿಟಮಾಲ್ ಸಾಕು. ರಕ್ತ ತೆಳುವಾಗಿಸುವ ಆಸ್ಪಿರಿನ್‌ನಂಥ ಗುಳಿಗೆಯನ್ನು ಅಂಗಡಿಯಿಂದ ತಂದು ನುಂಗಬೇಡಿ. ಮೊಬೈಲ್ ಕೈಗೆ ಕೊಡಬೇಡಿ ಎಂದರೆ ನಿಮಗೆ ಬೇಸರ ಬಂದೀತು. ಆದರೂ ಕೇಳಿ. 12ರಿಂದ 25 ವರ್ಷದವರ ಮೇಲೆ ಅಮೆರಿಕದಲ್ಲಿ ನಡೆದು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲ 48 ಗಂಟೆ ಮೊಬೈಲು, ಟಿ.ವಿ. ನೋಡದವರು ಸುಮಾರು ಮೂರೂವರೆ ದಿನಕ್ಕೆ ಚೇತರಿಸಿಕೊಂಡರು, ನೋಡಿದವರಿಗೆ ಎಂಟು ದಿನ ಹಿಡಿಯಿತು. ಎರಡು ದಿನದ ಸಂಯಮಕ್ಕೆ ನಾಲ್ಕೂವರೆ ದಿನದ ಲಾಭ.

ಮದ್ಯವನ್ನಂತೂ ಮುಟ್ಟಲೇಬೇಡಿ. ನೊಂದ ಮೆದುಳನ್ನು ಅದು ಇನ್ನಷ್ಟು ನೋಯಿಸುತ್ತದೆ, ಅಪಾಯದ ಗುರುತುಗಳನ್ನು ಮರೆಮಾಚುತ್ತದೆ. ಕುಡಿದು ಬಿದ್ದವನು ತೊದಲಿದರೆ, ಮಂಪರಿಗೆ ಜಾರಿದರೆ ‘ನಿಶೆ ಇಳಿದಿಲ್ಲ’ ಎಂದು ಮೂಲೆಯಲ್ಲಿ ಮಲಗಿಸಿ ಹೋಗುತ್ತಾರೆ. ಬೆಳಗಾಗುವಷ್ಟರಲ್ಲಿ ಕೈಮೀರಿರುತ್ತದೆ. ಕುಡಿದವನ ತಲೆಗೆ ಪೆಟ್ಟಾಗಿದ್ದರೆ ಬೇರೆಯವರಿಗಿಂತ ಮೊದಲು ಅವನನ್ನು ಆಸ್ಪತ್ರೆಗೆ ಒಯ್ಯಿರಿ. ಇಳಕಲ್ಲಿನ ಮಹಾಂತ ಸ್ವಾಮೀಜಿ ಊರೂರು ತಿರುಗಿ ಜೋಳಿಗೆ ಒಡ್ಡಿ, ದುಡ್ಡು ಕಾಳು ಬೇಡದೆ ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರು ಹುಟ್ಟಿದ ಆಗಸ್ಟ್ 1ನ್ನು ಇಡೀ ರಾಜ್ಯ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಆ ಜೋಳಿಗೆ ಹೊರಟ ನೆಲದವರು ನೀವು.

ಎರಡು ದಿನ ಕಳೆದ ಮೇಲೆ? ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸುವುದನ್ನು ಈಗ ವೈದ್ಯರು ಒಪ್ಪುವುದಿಲ್ಲ. ತುಸು ತುಸುವಾಗಿ ನಡೆದಾಟ, ಸಣ್ಣಪುಟ್ಟ ಕೆಲಸ ಶುರುಮಾಡಿದವರೇ ಬೇಗ ಸುಧಾರಿಸುತ್ತಾರೆ. ಇಳಕಲ್ಲಿನ ಒಬ್ಬ ನೇಕಾರ ಹುಡುಗ ಬೈಕಿನಿಂದ ಬಿದ್ದು ಒಳಪೆಟ್ಟು ಮಾಡಿಕೊಂಡಿದ್ದ. ಸೀರೆಯ ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದರಲ್ಲಿ ಅವನ ಕೈ ಬಲು ಚುರುಕು. ಪೆಟ್ಟಿನ ನಂತರ ಮಗ್ಗಕ್ಕೆ ಕೂತರೆ ಸ್ವಲ್ಪ ಹೊತ್ತಿನಲ್ಲೇ ಎಳೆಗಳು ಒಂದರೊಳಗೊಂದು ಕಲೆಸಿದಂತೆ ಕಾಣುತ್ತಿದ್ದವು, ಲಾಳಿಯ ಸದ್ದಿಗೆ ತಲೆ ಒಡೆಯುತ್ತಿತ್ತು. ಅವನ ತಾಯಿ ಜಾಣೆ. ಮಗನನ್ನು ಮಗ್ಗದಿಂದ ಎಬ್ಬಿಸಿ ಹಿತ್ತಲಲ್ಲಿ ಕೂಡಿಸಿ ಮೊದಲು ಬರೀ ಕಂಡಿಕೆ ಸುತ್ತಲು ಕೊಟ್ಟಳು. ತಲೆನೋವು ಏರಿದರೆ ನಿಲ್ಲಿಸು, ಇಳಿದರೆ ಮುಂದುವರಿಸು ಎಂದಳು. ಅದು ಸಲೀಸಾದ ಮೇಲೆ ಬೆಳಗಿನ ತಂಪಿನಲ್ಲಿ ಅರ್ಧ ಗಂಟೆ ಸಾದಾ ನೇಯ್ಗೆ, ಆಮೇಲೆ ಒಂದು ತಾಸು. ಕೊಂಡಿ ಹಾಕುವ ನಾಜೂಕು ಕೆಲಸ ಎಲ್ಲಕ್ಕೂ ಕಡೆಗೆ. ಮಾಲೀಕರು ಸೀರೆಗೆ ಅವಸರ ಮಾಡಿದಾಗಲೂ ಅವಳು ಜಗ್ಗಲಿಲ್ಲ. ಹುಡುಗ ಈಗ ಮೊದಲಿನಂತೆಯೇ ನೇಯುತ್ತಿದ್ದಾನೆ. ದೊಡ್ಡ ಆಸ್ಪತ್ರೆಗಳು ಹೇಳುವ ಕ್ರಮವನ್ನು ಆ ತಾಯಿ ತನ್ನ ಮನೆಯ ಕಸುಬಿನಲ್ಲಿ ಪಾಲಿಸಿ ತೋರಿಸಿದಳು. ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವವರು, ಟ್ರ್ಯಾಕ್ಟರ್ ಹೊಡೆಯುವವರು, ಎತ್ತರದಲ್ಲಿ ಗಾರೆ ಕೆಲಸ ಮಾಡುವವರು ಇನ್ನೂ ಎಚ್ಚರದಿಂದಿರಬೇಕು. ತಲೆ ಗಿರ್ ಅನ್ನುವುದು ಪೂರ್ತಿ ನಿಲ್ಲುವ ತನಕ ಏಣಿ, ಯಂತ್ರ, ಸ್ಟೇರಿಂಗ್ ಮೂರೂ ಬೇಡ.

ಓದುವವರಿಗೂ ಇದೇ ದಾರಿ. ಮೊದಲು ಮನೆಯಲ್ಲಿ ಸ್ವಲ್ಪ ಓದು, ಆಮೇಲೆ ಅರ್ಧ ದಿನ ಶಾಲೆ, ಆಮೇಲೆ ಪೂರ್ತಿ ದಿನ. ಎಸ್ಸೆಸ್ಸೆಲ್ಸಿ, ಪಿಯುಸಿ ವರ್ಷವಾದರೆ ಜೀವ ತಳಮಳಿಸುವುದು ಸಹಜ. ಮಾಸ್ತರರಿಗೆ, ಅಕ್ಕೋರಿಗೆ ಡಾಕ್ಟರ ಚೀಟಿ ತೋರಿಸಿ ವಿಷಯ ತಿಳಿಸಿ, ಗದ್ದಲದಿಂದ ದೂರ ಕೂಡಲು ಕೇಳಿ, ನೋಟ್ಸನ್ನು ಗೆಳೆಯರಿಂದ ಪಡೆಯಿರಿ. ಶಾಲೆಗೆ ಪೂರ್ತಿ ಮರಳಿದ ಮೇಲೆಯೇ ಎದುರಾಳಿಯ ಮೈಗೆ ಮೈ ತಾಗುವ ಆಟ. 2022ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಸೇರಿದ ಪರಿಣತರು ಒಪ್ಪಿದ ಕ್ರಮದಲ್ಲಿ ಆರು ಮೆಟ್ಟಿಲುಗಳಿವೆ: ದಿನದ ಓಡಾಟ, ಹಗುರ ವ್ಯಾಯಾಮ, ಒಬ್ಬರೇ ಮಾಡುವ ಆಟದ ಕಸರತ್ತು, ಮೈ ತಾಗದ ಅಭ್ಯಾಸ, ವೈದ್ಯರ ಒಪ್ಪಿಗೆ ಪಡೆದು ಪೂರ್ತಿ ಅಭ್ಯಾಸ, ಕೊನೆಗೆ ಪಂದ್ಯ. ಒಂದೊಂದು ಮೆಟ್ಟಿಲಿಗೆ ಕಡಿಮೆಯೆಂದರೂ ಒಂದು ದಿನ. ನಾಲ್ಕನೆಯ ಮೆಟ್ಟಿಲಿನಿಂದ ಮೇಲೆ ತೊಂದರೆ ಮರಳಿದರೆ ಮೂರನೆಯದಕ್ಕೆ ಇಳಿದು ಮತ್ತೆ ಹತ್ತಬೇಕು. ದೊಡ್ಡವರಲ್ಲಿ ಹೆಚ್ಚಿನವರು ಎರಡು ವಾರದಲ್ಲಿ, ಮಕ್ಕಳು ಒಂದು ತಿಂಗಳೊಳಗೆ ಚೇತರಿಸಿಕೊಳ್ಳುತ್ತಾರೆ. ಅದಕ್ಕಿಂತ ತಡವಾದರೆ ನರರೋಗ ತಜ್ಞರನ್ನು ಕಾಣಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳಿರುವುದು ಇಂಥವರಿಗಾಗಿಯೇ.

ಇಷ್ಟು ತಾಳ್ಮೆ ಏಕೆಂದರೆ, ಮೊದಲ ಪೆಟ್ಟು ಮಾಯುವ ಮುನ್ನ ಬೀಳುವ ಎರಡನೇ ಪೆಟ್ಟು ಬಹಳ ಕೆಟ್ಟದ್ದು. ಮಂಕು ಕವಿದ ಮೆದುಳಿನ ಆಟಗಾರ ತಡವಾಗಿ ತಿರುಗುತ್ತಾನೆ, ತೂಕ ತಪ್ಪುತ್ತಾನೆ, ಹಾಗಾಗಿ ಮತ್ತೆ ಬೀಳುವ ಸಾಧ್ಯತೆಯೇ ಹೆಚ್ಚು. ಅಪರೂಪಕ್ಕೆ, ಅದರಲ್ಲೂ ಎಳೆಯರಲ್ಲಿ, ಎರಡನೆಯದು ಸಣ್ಣ ಪೆಟ್ಟಾಗಿದ್ದರೂ ಮೆದುಳು ಏಕಾಏಕಿ ಊದಿಕೊಂಡು ಪ್ರಾಣವೇ ಹೋಗುತ್ತದೆ. ವರ್ಷಗಟ್ಟಲೆ ತಲೆಗೆ ಪೆಟ್ಟು ತಿನ್ನುತ್ತಲೇ ಬಂದ ಬಾಕ್ಸರ್‌ಗಳ ನೆನಪು, ನಡಿಗೆ, ಸ್ವಭಾವ ಕೆಡುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿಟ್ಟಿದ್ದಾರೆ.

ಚೇತರಿಕೆಯ ದಿನಗಳಲ್ಲಿ ಮನಸ್ಸು ಕುಗ್ಗಬಹುದು. ನಗುನಗುತ್ತ ಇದ್ದವನು ಸಿಡುಕುತ್ತಾನೆ, ಮೂಲೆ ಹಿಡಿಯುತ್ತಾನೆ. ಅದೂ ಪೆಟ್ಟಿನ ಭಾಗವೇ. ಮನೆಮಂದಿ ಅದನ್ನು ಸ್ವಭಾವವೆಂದು ತಿಳಿಯಬಾರದು. ಮನಸ್ಸಿನ ಮಾತು ಹೇಳಿಕೊಳ್ಳಲು ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಹೆಣ್ಣುಮಕ್ಕಳೇ, ಇದು ನಿಮಗೆ. ಮೈದಾನಕ್ಕೆ ಕಾಲಿಡದವರ ತಲೆಗೂ ಪೆಟ್ಟು ಬೀಳುತ್ತದೆ. ಮಾಳಿಗೆ ಮೇಲೆ ಹಪ್ಪಳ ಒಣಗಿಸಲು ಹೋಗಿ ಜಾರುವುದಿದೆ, ಬೈಕಿನ ಹಿಂದೆ ಒಂದೇ ಮಗ್ಗುಲಾಗಿ ಕೂತು ಸೆರಗು ಗಾಲಿಗೆ ಸಿಕ್ಕಿ ಬೀಳುವುದಿದೆ. ಮನೆಯೊಳಗೆ ಕೈಯೆತ್ತುವವರ ಪೆಟ್ಟೂ ಇದೆ. ಗೋಡೆಗೆ ತಲೆ ಬಡಿದು ಬಂದವಳು ‘ಏನೂ ಆಗಿಲ್ಲ, ಬಾಗಿಲು ಬಡೀತು’ ಅಂದರೆ ಆ ಮಾತನ್ನೂ ನಂಬಬೇಡಿ. ಅವಳ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯಿರಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿದರೆ ನೆರವು ಸಿಗುತ್ತದೆ ಎಂದು ಹೇಳಿ. ಗಂಡುಹುಡುಗರೇ, ಯಾರ ತಲೆಯ ಮೇಲೂ ಸಿಟ್ಟಿನಿಂದ ಕೈ ಎತ್ತುವುದಿಲ್ಲ ಎಂದು ಈ ವಯಸ್ಸಿನಲ್ಲೇ ನಿಶ್ಚಯಿಸಿ.

ಹೆಲ್ಮೆಟ್ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಬುರುಡೆ ಒಡೆಯುವುದನ್ನು ತಡೆಯುತ್ತದೆ, ಪೆಟ್ಟಿನ ಬಿರುಸು ತಗ್ಗಿಸುತ್ತದೆ. ಬೈಕ್ ಸವಾರರ ಕುರಿತ ಹತ್ತಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಹೆಲ್ಮೆಟ್‌ನಿಂದ ತಲೆಗಾಯದ ಅಪಾಯ ಶೇ 69ರಷ್ಟು, ಸಾವಿನ ಅಪಾಯ ಶೇ 42ರಷ್ಟು ಕಡಿಮೆಯಾಗುವುದು ಕಂಡುಬಂದಿದೆ. ಐಎಸ್ಐ ಗುರುತಿನದನ್ನೇ ಕೊಳ್ಳಿ, ಗದ್ದದ ಪಟ್ಟಿ ಬಿಗಿಯಾಗಿ ಹಾಕಿ, ಹಿಂದೆ ಕೂತ ತಾಯಿಗೂ ತಂಗಿಗೂ ಹಾಕಿಸಿ. ಪೊಲೀಸರ ಕಣ್ಣು ತಪ್ಪಿಸಲು ಟ್ಯಾಂಕಿನ ಮೇಲೆ ಇಟ್ಟ ಹೆಲ್ಮೆಟ್ ಟ್ಯಾಂಕನ್ನಷ್ಟೇ ಕಾಯುತ್ತದೆ. ಆದರೆ ಹೆಲ್ಮೆಟ್ ಇದ್ದರೂ ಮೆದುಳು ಒಳಗೆ ಹೊಯ್ದಾಡಬಲ್ಲದು. ‘ಹೆಲ್ಮೆಟ್ ಇತ್ತು, ಏನೂ ಆಗಿಲ್ಲ’ ಎಂದವನನ್ನೂ ಒಂದು ದಿನ ಕಣ್ಣಿಟ್ಟು ನೋಡಿ.

ಈಗ ನನಗೆ ನಿಮ್ಮಿಂದ ಒಂದು ಮಾತು ಬೇಕು. ಮುಂದಿನ ಪಂದ್ಯಕ್ಕೆ, ಟೂರ್ನಮೆಂಟಿಗೆ ಹೊರಡುವ ಮೊದಲು ತಂಡದಲ್ಲಿ ಒಬ್ಬರನ್ನು ಗೊತ್ತು ಮಾಡಿ. ತಲೆಗೆ ಪೆಟ್ಟಾದವರನ್ನು ಹೊರಗೆ ಕರೆಯುವ ಹಕ್ಕು ಅವರದು. ಅವರು ‘ಕೂಡು’ ಅಂದರೆ ಕ್ಯಾಪ್ಟನ್ ಆದವನೂ ಎದುರು ಮಾತಾಡದೆ ಕೂಡಬೇಕು. ಊರ ಮರ್ಯಾದೆ, ಬಹುಮಾನದ ಢಾಲು, ಪಣಕ್ಕಿಟ್ಟ ದುಡ್ಡು ಯಾವುದೂ ಆ ಮಾತನ್ನು ಮೀರಬಾರದು. ಹೊರಗೆ ಕೂತವನನ್ನು ಹೇಡಿ ಎಂದು ಯಾರಾದರೂ ಹೀಯಾಳಿಸಿದರೆ ಇಡೀ ತಂಡ ಅವನ ಬೆನ್ನಿಗೆ ನಿಲ್ಲಬೇಕು. ನಿಮ್ಮ ತಲೆಗೇ ಪೆಟ್ಟು ಬಿದ್ದ ದಿನ, ‘ನಾ ಅರಾಮ ಅದೀನಿ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಾಗ ಅದನ್ನು ತಡೆದು ‘ನೀವ ನೋಡಿ ಹೇಳ್ರಿ’ ಅನ್ನಿ. ಗೆಳೆಯರನ್ನು ನಂಬಿ ಹಾಗೆ ಅನ್ನುವುದಕ್ಕೂ ಗಟ್ಟಿತನ ಬೇಕು. ನನ್ನ ಮಕ್ಕಳಲ್ಲಿ ನಾನು ಕಾಣಬಯಸುವ ಗಟ್ಟಿತನ ಅದು.